ಮಂಜಿನೊಳಗೆ ಹಾಜರಿ

ಗೆಳೆಯರೇ, ಇವತ್ತು ಮಾರನಹಳ್ಳಿ ಹತ್ತಿರದ ಬೆಟ್ಟದಂಚಿಗೆ ನಮ್ಮನ್ನು ನಡೆಸಿಕೊಂಡು ಹೋದ ಗೈಡ್ ಸುಬ್ಬೇಗೌಡರು ನಿವೃತ್ತ ರೈಟರ್. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದವರು. ಪ್ರಪಾತದ ಬಳಿ ಮಂಜು ತೇಲಿಬಂದು ನಮ್ಮೆಲ್ಲರನ್ನೂ ಅಳಿಸಿಬಿಟ್ಟಿತು.

"ಯಾರೂ ನಿಂತಲ್ಲಿಂದ ಅಲ್ಲಾಡ್ಬ್ಯಾಡಿ ಕಣ್ರೀ, ಹಾಜರಿ ಕೂಗ್ತೀನಿ" ಎಂದರು.

ಒಂದೊಂದು ಹೆಸರಿಗೂ ಬಿಳುಪಿನೊಳಗಿಂದ ಒಂದೊಂದು ದನಿ ತೇಲಿಬಂತು.

"ಪ್ರಕಾಶ್!"

"ನಾವೇನು ಸ್ಕೂಲ್ ಮಕ್ಕಳಾ?" ಬೆಂಗಳೂರಿನಿಂದ ಬಂದಿದ್ದ ಪ್ರಕಾಶ್ ಸಿಡುಕಿದರು.

"ನಾ ಕೇಳಿದ್ದು ಅದಲ್ಲ ಸ್ವಾಮಿ. ಇದ್ದೀರೋ, ಇಲ್ವೋ? ಇಲ್ಲಾಂದ್ರೆ ಆಬ್ಸೆಂಟ್ ಹಾಕ್ಕಂಡು ಹೊಂಟೋಗ್ಬುಡ್ತೀನಿ."

ಮಂಜಿನೊಳಗಿಂದ ಮೆಲ್ಲಗೆ, "ಇದ್ದೀನಿ ಸಾರ್."

ನಗಬೇಡಿ. ನನ್ನ ಹೆಸರು ಕೂಗಿದಾಗ ನಾನೂ ಒಮ್ಮೆ ಕೆನ್ನೆ ಮುಟ್ಟಿ ನೋಡಿಕೊಂಡೇ "ಇದ್ದೀನಿ" ಎಂದದ್ದು.