ಅಪ್ಪನ ಮಾತು ಮಾವನಿಗೆ

ಎಪ್ಪತ್ತರ ದಶಕದ ಕೊನೆಯಲ್ಲಿ ರಾಮಕುಂಜದಲ್ಲಿ ನಾವು ಪರದೇಶದ ಒಂದು ದುರಂತ ನಾಟಕ ಆಡಿದೆವು. ಪರದೆಯ ಬದಿಯಲ್ಲಿ ನಿಂತು, ಮರೆತವರಿಗೆ ಮಾತು ನೆನಪಿಸುವುದು ನನ್ನ ಕೆಲಸ. ಮೂಲದಲ್ಲಿ ಅಪ್ಪ ಮಗಳಿಗೆ ಗಂಡು ಗೊತ್ತುಮಾಡುತ್ತಾನೆ. ಅವಳು ಒಲ್ಲೆ ಎಂದಾಗ, ಈ ಮನೆಯ ಬಾಗಿಲು ಇನ್ನು ನಿನಗಿಲ್ಲ ಎನ್ನುತ್ತಾನೆ. ಓದಿ ಹೇಳಿದಾಗ ಹಿರಿಯರು ನಕ್ಕರು. ನಮ್ಮಲ್ಲಿ ಅಳಿಯಸಂತಾನದ ಮನೆಗಳೇ ಹೆಚ್ಚು. ಮಕ್ಕಳು ತಾಯಿಯ ಮನೆಗೆ ಸೇರಿದವರು, ಮದುವೆ ನಿಶ್ಚಯಿಸುವವನು ಸೋದರಮಾವ. ಅಪ್ಪ ಗದರಿದರೆ ಇಲ್ಲಿ ಯಾರು ನಂಬುತ್ತಾರೆ ಎಂದರು. ಆ ಮಾತುಗಳನ್ನೆಲ್ಲ ಮಾವನಿಗೆ ಕೊಟ್ಟೆವು.

ಮಾವನ ಪಾತ್ರ ವಹಿಸಿದವರು ದೊಡ್ಡ ಮನೆಯೊಂದರ ಯಜಮಾನರು. ಅದೇ ದಿನಗಳಲ್ಲಿ ಅವರು ತಂಗಿಯ ಮಗಳಿಗೆ ಜಾಲ್ಸೂರು ಕಡೆಯ ಸಂಬಂಧ ನೋಡಿದ್ದರು. ಹುಡುಗಿ, ಈ ಮದುವೆ ಬೇಡ, ಪುತ್ತೂರಿಗೆ ಹೋಗಿ ಓದುತ್ತೇನೆ ಎಂದು ತಾಯಿಗೆ ಹೇಳಿದ್ದಳು. ತಾಯಿ ಅಣ್ಣನಿಗೆ ಹೇಳಿದ್ದರು. ಅಣ್ಣ ಆ ಸಂಬಂಧ ಬಿಟ್ಟಿರಲಿಲ್ಲ.

ಹುಡುಗಿಯ ಅಪ್ಪನೂ ನಾಟಕದಲ್ಲಿದ್ದರು. ಈಟಿ ಹಿಡಿದು ನಿಲ್ಲುವ ಕಾವಲುಗಾರ, ಮಾತಿಲ್ಲ. ಬೆಳ್ಳಾರೆಯವರು, ಮದುವೆಯಾದಂದಿನಿಂದ ಹೆಂಡತಿಯ ಮನೆಯಲ್ಲೇ ಇದ್ದು ಗದ್ದೆ ನೋಡಿಕೊಳ್ಳುತ್ತಿದ್ದರು.

ಒಂದು ಸಂಜೆ, ಅಭ್ಯಾಸದಲ್ಲಿ, ಯಜಮಾನರು ಬಾಗಿಲಿನ ಮಾತು ಹೇಳಿ ಮುಗಿಸಿದರು. ಕಾವಲುಗಾರ ಈಟಿಯನ್ನು ಗೋಡೆಗೆ ಒರಗಿಸಿ ಮುಂದೆ ಬಂದರು.

“ಭಾವ, ಮೂಲದಲ್ಲಿ ಅದು ಅಪ್ಪ ಹೇಳುದಂತೆ.”

“ಅದು ಅವರ ದೇಶದಲ್ಲಿ ಮಾರಾಯ್ರೆ. ಇಲ್ಲಿ ಅಪ್ಪನದ್ದು ಎಂತ ಉಂಟು? ನೀವು ಈಟಿ ಹಿಡೀರಿ.”

ಎಲ್ಲರೂ ನಕ್ಕರು. ನಗು ನಿಲ್ಲುವವರೆಗೆ ಅವರು ಕಾದರು.

“ಒಂದು ಸಲ ಅಪ್ಪನೂ ಹೇಳ್ತೇನೆ. ಅವಳಿಗೆ ಮನಸ್ಸಿಲ್ಲ. ಸಂಬಂಧ ಬೇಡಾಂತ ಜಾಲ್ಸೂರಿಗೆ ಇವತ್ತು ನಾನೇ ಹೋಗಿ ಹೇಳಿ ಬಂದೆ.”

ಯಜಮಾನರು ತಲೆಗೆ ಸುತ್ತಿದ್ದ ನಾಟಕದ ಮುಂಡಾಸು ತೆಗೆದು ಬೆಂಚಿನ ಮೇಲಿಟ್ಟರು.

“ಹಾಗಾದ್ರೆ ಮನೆಯ ಬಾಗಿಲು ಇನ್ನು ನಿಮಗಿಲ್ಲ ಭಾವ.”

ದನಿ ಏರಿರಲಿಲ್ಲ.

ಮರುದಿನ ಹುಡುಗಿಯ ಅಪ್ಪ ಬೆಳ್ಳಾರೆಯ ಬಸ್ಸು ಹತ್ತಿ ತಮ್ಮ ಅಕ್ಕನ ಮನೆಗೆ ಹೋದರು. ಹೆಂಡತಿ ಬಸ್ಸಿನವರೆಗೆ ಬಂದಿದ್ದರು. ಜಾಲ್ಸೂರಿನವರು ಬೇರೆ ಹೆಣ್ಣು ನೋಡಿದರು. ಮಳೆಗಾಲ ಶುರುವಾಗುವಾಗ ಹುಡುಗಿ ಪುತ್ತೂರಿಗೆ ಹೋಗಿ ಕಾಲೇಜು ಸೇರಿದಳು; ಯಜಮಾನರು ತಡೆಯಲಿಲ್ಲ.

ನಾಟಕದ ದಿನ ಈಟಿ ಹಿಡಿದವನು ಬೇರೆಯವನು. ಯಜಮಾನರು ಬಾಗಿಲಿನ ಮಾತಿನವರೆಗೆ ಬಂದು ನಿಂತರು. ನಾನು ಮಾತು ಎತ್ತಿಕೊಟ್ಟೆ. ಅವರು ನನ್ನ ಕಡೆ ನೋಡಿದರು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಅವರು ಅದನ್ನು ಬಿಟ್ಟು ಮುಂದಿನ ಮಾತಿಗೆ ಹೋದರು. ಮದುವೆ ಒಲ್ಲೆನ್ನುವ ಹೆಣ್ಣಿನ ವೇಷದ ಹುಡುಗ ಮಾತ್ರ, ಬಾಗಿಲಿನ ಮಾತು ಬಂದ ಮೇಲೆ ಅಳಬೇಕಾದವನು, ಆ ಮಾತಿಗೆ ಕಾಯುತ್ತ ಅಳದೆ ನಿಂತಿದ್ದ.