ಅತ್ತೆಯ ರೇಡಿಯೋಕ್ಕೆ ಹೊಸ ದಾರ

ಎರಡು ವರ್ಷದ ಹಿಂದಿನ ದಸರೆ. ಹಬ್ಬದ ಮುಂಚೆ ನಮ್ಮ ಅಂಕಲಗಿಯಲ್ಲಿ ಹಾಸಿಗೆಯಿಂದ ಹಿಡಿದು ಉಪ್ಪಿನ ಡಬ್ಬಿಯವರೆಗೆ ಎಲ್ಲವನ್ನೂ ತೊಳೆಯುತ್ತೇವೆ. ಆ ಹುರುಪಿನಲ್ಲಿ ನಾನು ಅತ್ತೆಯ ಹಳೆಯ ರೇಡಿಯೋವನ್ನೂ ಬಿಡಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿ ಧೂಳು ಒರೆಸುವಾಗ ಒಳಗಿನ ಒಂದು ದಾರಕ್ಕೆ ಬೆರಳು ಸಿಕ್ಕಿ ಅದು ಪಟ್ಟನೆ ಹರಿಯಿತು. ಸ್ಟೇಶನ್ ತಿರುವುವ ಗುಂಡಿಗೂ ಮುಳ್ಳಿಗೂ ಗಂಟು ಹಾಕಿದ ದಾರವದು. ಗುಂಡಿ ಸುಮ್ಮನೆ ತಿರುಗತೊಡಗಿತು. ನಾನೇ ಸರಿಮಾಡುತ್ತೇನೆಂದು ಉಳಿದ ದಾರವನ್ನೂ ಎಳೆದು ಹಾಕಿ, ಹೊಲಿಗೆ ದಾರ ಸುತ್ತಿ ಸುತ್ತಿ ಸೋತೆ.

ಅತ್ತೆಗೆ ಕಣ್ಣು ಹೋಗಿ ಆಗಲೇ ಎಂಟು ವರ್ಷ. ನೀರು, ಊಟ, ಓಡಾಟ ಎಲ್ಲದಕ್ಕೂ ನಮ್ಮನ್ನು ಕರೆಯಬೇಕು. ಯಾರನ್ನೂ ಕರೆಯದೆ ಅವರು ಮಾಡಿಕೊಳ್ಳುತ್ತಿದ್ದ ಕೆಲಸ ಒಂದೇ, ರೇಡಿಯೋ ಹಚ್ಚಿ ಧಾರವಾಡ ಹಿಡಿಯುವುದು. ಅದನ್ನೂ ನಾನು ಕಸಿದುಕೊಂಡಿದ್ದೆ. ಹೇಳಲು ಧೈರ್ಯ ಸಾಲಲಿಲ್ಲ.

"ಸೆಲ್ ಮುಗದಾವ್ರಿ ಅತ್ತಿ, ತರ್ತೇನಿ" ಎಂದು ಮೂರು ದಿನ ಸುಳ್ಳು ಹೇಳಿದೆ.

ನಾಲ್ಕನೇ ದಿನ ರೇಡಿಯೋವನ್ನು ಚೀಲಕ್ಕೆ ಹಾಕಿಕೊಂಡು ಗೋಕಾಕದ ಬಸ್ಸು ಹತ್ತಿದೆ. ಎರಡು ಅಂಗಡಿಯವರು ನಕ್ಕು ಕಳಿಸಿದರು. ಮೂರನೆಯದು ಮಿಕ್ಸರ್, ಫ್ಯಾನ್ ರಿಪೇರಿ ಅಂಗಡಿ. ಕೆಲಸಕ್ಕೆ ಕೂತವರು ಹೆಂಗಸು. ಐವತ್ತು ದಾಟಿದ ರೇಣುಕಾ ಅಕ್ಕ, ಮೂಗಿನ ತುದಿಗೆ ಕನ್ನಡಕ.

"ಮೊದಲ ದಾರ ಹೆಂಗ ಹೋಗಿತ್ತು ಅಂತ ನೋಡಿ ಇಟ್ಟೀರೇನ್ರಿ ಅಕ್ಕಾರ?" ಎಂದರು. "ಇಲ್ರಿ, ಎಲ್ಲಾ ಎಳದು ಹಾಕೇನಿ" ಎಂದೆ. ಅವರು ಬೈಯಲಿಲ್ಲ. ಒಳಗಿನ ಚಕ್ರಗಳ ಮೇಲೆ ಧೂಳು ಕೂರದ ಗೆರೆಗಳನ್ನು ಹುಡುಕಿ, ದಾರದ ಹಾದಿಯನ್ನು ಒಂದು ರಟ್ಟಿನ ಮೇಲೆ ಬರೆದುಕೊಂಡರು. ನೈಲಾನ್ ದಾರದ ಒಂದು ತುದಿಯನ್ನು ಕಿಟಕಿಗೆ ಕಟ್ಟಿ ಇನ್ನೊಂದಕ್ಕೆ ಇಕ್ಕಳ ತೂಗುಬಿಟ್ಟರು.

"ಹೊಸಾ ದಾರ ಹಿಗ್ಗತೈತ್ರಿ. ನಿಮ್ಮ ಮನ್ಯಾಗ ಹಿಗ್ಗೂದಕ್ಕಿಂತ ಇಲ್ಲೇ ಹಿಗ್ಗಲಿ."

ಆಮೇಲೆ ಚಿಮಟದಲ್ಲಿ ಹಿಡಿದು ಸುತ್ತಿದರು. ಎರಡು ಸಲ ಜಾರಿತು, ಮೂರನೇ ಸಲ ಸ್ಪ್ರಿಂಗಿಗೆ ಕೂತಿತು. ಗುಂಡಿ ತಿರುವಿದರು, ರೇಡಿಯೋ ಮಾತಾಡಿತು. ನನಗೆ ಹೋದ ಜೀವ ಬಂದಂತಾಯಿತು. ಅವರು ಮಾತ್ರ ಹುಬ್ಬು ಗಂಟಿಕ್ಕಿದರು.

"ಉಲ್ಟಾ ಆಗೇತ್ರಿ. ಬಲಕ್ಕ ತಿರುವಿದ್ರ ಮುಳ್ಳು ಎಡಕ್ಕ ಹೊಂಟೈತಿ."

"ನಡೀತೈತಿ ಬಿಡ್ರಿ. ನಮ್ಮ ಅತ್ತಿಗೆ ಕಣ್ಣು ಕಾಣಂಗಿಲ್ಲ. ಮುಳ್ಳು ಎತ್ತಾಗ ಹೋದ್ರೇನು?" ಎಂದೆ, ಬಸ್ಸಿನ ಗಡಿಬಿಡಿಯಲ್ಲಿ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹಂಗಾದ್ರ ನಡಿಯಂಗಽ ಇಲ್ಲ. ಕಣ್ಣಿದ್ದವರು ಮುಳ್ಳು ನೋಡಿ ಹೊಂದಿಸ್ಕೋತಾರ. ಅವರದು ಎಲ್ಲಾ ಕೈಯಾಗ ಐತಿ, ಯಾವ ಸ್ಟೇಶನ್ ಎತ್ತಾಗ ತಿರುವಿದ್ರ ಬರತೈತಿ ಅಂತ. ಆ ಕೈಗೆ ಮೋಸ ಆಗಬಾರದು."

ಅಷ್ಟು ಹೊತ್ತಿನ ಕೆಲಸವನ್ನು ಬಿಚ್ಚಿ ಮೊದಲಿನಿಂದ ಶುರು ಮಾಡಿದರು. ಬಸ್ಸು ಹೋಯಿತು. ನಾನು ಆ ಬೆರಳುಗಳನ್ನೇ ನೋಡುತ್ತ ಕೂತೆ. ಅಂಥ ತಾಳ್ಮೆಯನ್ನು ನಾನು ಕಂಡಿದ್ದಿಲ್ಲ.

ಸಂಜೆ ರೇಡಿಯೋವನ್ನು ಅತ್ತೆಯ ಕೈಗಿಟ್ಟೆ. ಅವರು ಗುಂಡಿಯನ್ನು ಎಡದ ತುದಿಗೆ ತಂದು, ತುಟಿಯಲ್ಲೇ ಎಣಿಸುತ್ತ ಮೆಲ್ಲಗೆ ಬಲಕ್ಕೆ ತಿರುವಿದರು. ಧಾರವಾಡ ಬಂತು. ಬಚಾವಾದೆನೆಂದು ಒಳಗೆ ಹೊರಟೆ.

"ದಾರ ಯಾರ ಕಡೆ ಹಾಕಿಸಿದಿ?" ಎಂದರು ಅತ್ತೆ. "ಸೆಲ್ ಮುಗದ್ರ ಗುಂಡಿ ಹಂಗ ಸುಮ್ನ ತಿರಗಂಗಿಲ್ಲ. ಮೊದಲ ಅದು ಇಲ್ಲಿ ಜಾರತಿತ್ತು. ಈಗ ಜಾರವಲ್ದು. ಚಲೋ ಕೈ ಐತಿ ಅವರದು."

ಅಳುತ್ತಲೇ ಎಲ್ಲವನ್ನೂ ಹೇಳಿದೆ. ಅತ್ತೆ ನಕ್ಕು ನನ್ನ ತಲೆ ಸವರಿದರು.

ಅಷ್ಟು ವರ್ಷ ಅವರಿಗೆ ಉಣ್ಣಲು ಬಡಿಸಿದ್ದೆ, ಕೈ ಹಿಡಿದು ಬಚ್ಚಲಿಗೆ ಕರೆದೊಯ್ದಿದ್ದೆ. ಆ ಕೈಗೆ ಏನು ಬೇಕೆಂಬುದು ಮಾತ್ರ, ಅತ್ತೆಯ ಮುಖವನ್ನೇ ಕಾಣದ ಒಬ್ಬ ಹೆಂಗಸಿಗೆ ತಿಳಿಯಿತು, ನನಗೆ ತಿಳಿಯಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.