ಮಿಂಚುವ ಕಲ್ಲು, ಮಂಕು ಕಲ್ಲು

ಮಂಡ್ಯದಿಂದ ಮದುವೆಯಾಗಿ ಮುಂಬೈಯ ಮುಲುಂಡ್‌ಗೆ ಬಂದ ಸುಮಿತ್ರಾ ಚೆಂಬೂರಿನ ಅದಿರು ಪರೀಕ್ಷೆಯ ಲ್ಯಾಬಿನಲ್ಲಿ ಕೂದಲು ನರೆಯುವಷ್ಟು ಕಾಲ ದುಡಿದಿದ್ದಳು. ಮೊನ್ನೆ ಮೊನ್ನೆ ಸೇರಿದ ಶುಭಾಳನ್ನು ಕಂಡರೆ ಅವಳಿಗೆ ಹೊಟ್ಟೆಯುರಿ. ಹೊಸ ತಾಮ್ರ ವಿಭಾಗಕ್ಕೆ ಮುಖ್ಯಸ್ಥರು ಬೇಕಾಗಿದ್ದರು. ಲ್ಯಾಬ್ ನಡೆಸುವ ಬಸವಂತರಾಯರು ಇಬ್ಬರಿಗೂ ಒಂದೇ ಕೆಲಸ ಕೊಟ್ಟು ನೋಡುತ್ತಿದ್ದರು: ಕ್ರಿಸೊಕೊಲ್ಲಾ ಎಂಬ ಹಸಿರು ನೀಲಿ ಕಲ್ಲನ್ನು ಪುಡಿಮಾಡಿ, ನೀರು ಬೆರೆಸಿದ ಆಸಿಡ್‌ನಲ್ಲಿ ನೆನೆಸಿ, ತಾಮ್ರ ಬಿಡಿಸುವುದು.

ಕಲ್ಲಿನ ಚೀಲ ಬಂದ ದಿನ ಹಿರಿಯಳೆಂಬ ಹಕ್ಕಿನಿಂದ ಮೊದಲು ಕೈಹಾಕಿದವಳು ಸುಮಿತ್ರಾ. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವ ಹಾಗೆ ಒತ್ತಿ ನೋಡಿ, ಗಟ್ಟಿಯಾದ, ಮಿರಿಮಿರಿ ಮಿಂಚುವ ಕಲ್ಲುಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಳು. ಉಗುರು ತಾಗಿದರೆ ಉದುರುವ ಮಂಕು ಕಲ್ಲುಗಳು ಶುಭಾಳ ಪಾಲಿಗೆ ಉಳಿದವು. ಎರಡರಲ್ಲೂ ತಾಮ್ರ ಒಂದೇ ಪ್ರಮಾಣದಲ್ಲಿತ್ತು, ಇಬ್ಬರೂ ಪುಡಿಯನ್ನು ಒಂದೇ ಜರಡಿಯಲ್ಲಿ ಹಿಡಿದಿದ್ದರು.

ಆದರೂ ಶುಭಾಳ ಆಸಿಡ್ ಮಧ್ಯಾಹ್ನದೊಳಗೆ ತಾಮ್ರ ಕರಗಿ ಕಡುನೀಲಿಯಾಯಿತು, ಸುಮಿತ್ರಾಳದು ಸಂಜೆಯಾದರೂ ತಿಳಿನೀಲಿ ದಾಟಲಿಲ್ಲ. ಆ ಕಡುನೀಲಿ ಕಣ್ಣಿಗೆ ಬಿದ್ದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ತಡೆಯಲಾರದೆ, ಶುಭಾ ಗುಟ್ಟಾಗಿ ಆಸಿಡ್ ಜೋರು ಮಾಡಿಕೊಂಡಿದ್ದಾಳೆ ಎಂದು ರಾಯರ ಕಿವಿಗೆ ಹಾಕಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಲ್ಯಾಬಿನವರು ಹಿಂದಿನಿಂದ ನಕ್ಕರು.

ರಾಯರು ಯಾರನ್ನೂ ಬೈಯಲಿಲ್ಲ. "ಇಬ್ರೂ ಕಲ್ಲು ಅದಲು ಬದಲು ಮಾಡ್ಕೋರಿ. ಆಸಿಡ್ ನಾನೇ ಅಳ್ದು ಕೊಡ್ತೀನಿ," ಎಂದರು.

ಈ ಸಲ ಕಡುನೀಲಿಯಾದದ್ದು ಸುಮಿತ್ರಾಳ ಆಸಿಡ್. ನೆಲ ನಿಜಕ್ಕೂ ಡೊಂಕಾಗಿತ್ತು! ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ತಪ್ಪು ಕಲ್ಲಿನದು, ತನ್ನ ಕೈಯದಲ್ಲ ಎಂದು ಎಲ್ಲರಿಗೂ ಸಾರಿ, ಬೇಗನೆ ಲೋಕಲ್ ಹಿಡಿದು ಮನೆಗೆ ಹೋದಳು.

ಶುಭಾ ಹೋಗಲಿಲ್ಲ. ಎರಡು ಬಗೆಯ ಕಲ್ಲನ್ನೂ ತೆಳ್ಳಗೆ ಸೀಳಿ ಮೈಕ್ರೋಸ್ಕೋಪಿನ ಕೆಳಗಿಟ್ಟು ಕೂತಳು. ಮರುದಿನ ಮೀಟಿಂಗಿನಲ್ಲಿ ಕಂಡದ್ದನ್ನು ತೋರಿಸಿದಳು. ಮಂಕು ಕಲ್ಲಿನ ತುಂಬ ಸಣ್ಣ ಸಣ್ಣ ತೂತು, ಆಸಿಡ್ ಒಳಗೆಲ್ಲ ಇಳಿಯುತ್ತದೆ. ಮಿಂಚುವ ಕಲ್ಲು ಗಾಜಿನಂತೆ ಬಿಗಿ, ಆಸಿಡ್ ಹೊರಮೈಯಿಂದಲೇ ನಿಧಾನವಾಗಿ ಸವೆಸಬೇಕು. ಅದನ್ನು ಇನ್ನೂ ನುಣ್ಣಗೆ ಅರೆಯಬೇಕು, ಹೆಚ್ಚು ಹೊತ್ತು ನೆನೆಸಬೇಕು. ಸುಮಿತ್ರಾ ಗೆದ್ದೆನೆಂದು ನಿಲ್ಲಿಸಿದ ಕಡೆಯಿಂದ ಶುಭಾ ಕೆಲಸ ಶುರುಮಾಡಿದ್ದಳು. ವಿಭಾಗ ಅವಳದಾಯಿತು.

ಮುಂದಿನ ಚೀಲ ಬಂದಾಗ ಶುಭಾ ಅದರ ಬಾಯಿ ಬಿಚ್ಚಿ ಪಕ್ಕಕ್ಕೆ ಸರಿದು ನಿಂತಳು. "ಮೇಡಂ, ಮೊದ್ಲು ನೀವೇ ಆರಿಸ್ಕೊಳ್ಳಿ," ಎಂದಳು.

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಸುಮಿತ್ರಾಗೆ ಎಷ್ಟೋ ಹಗುರವಾಗುತ್ತಿತ್ತು.